ಅಪ್ಪ ಓದಿದ ಹೆಸರು

ಹುಬ್ಬಳ್ಳಿ,
೧೨ ಸೆಪ್ಟೆಂಬರ್ ೧೯೩೪

ಪ್ರೀತಿಯ ದೊರ್ಕಾ,

ಕರ್ತನ ಕೃಪೆ ನಿನ್ನ ಮೇಲೂ ನಿನ್ನ ವಾರ್ಡಿನ ರೋಗಿಗಳ ಮೇಲೂ ಇರಲಿ. ನಮ್ಮ ಮೇಲೆ ಇದೆ ಎಂದು ಅಪ್ಪ ಹೇಳುತ್ತಾರೆ. ಅವರು ಸಭಾಪಾಲಕರು, ಅವರಿಗೆ ಗೊತ್ತಿರಬೇಕು.

ನಿನ್ನ ಪತ್ರಗಳೆಲ್ಲ ಬಂದವು. ಕೊನೆಯದರಲ್ಲಿ ನೀನು ಬೈದದ್ದೂ ತಲುಪಿತು. ಉತ್ತರ ಬರೆಯದಿದ್ದುದಕ್ಕೆ ಒಳ್ಳೆಯ ನೆಪವೊಂದನ್ನು ಹುಡುಕಬೇಕಿತ್ತು, ಅದಕ್ಕೂ ಶಕ್ತಿ ಉಳಿದಿಲ್ಲ. ಬೆಳಗ್ಗೆ ಶಾಲೆ, ಮಧ್ಯಾಹ್ನ ದೊಡ್ಡ ಹುಡುಗಿಯರ ಹೊಲಿಗೆ, ಸಂಜೆ ಅಪ್ಪನ ಕಣ್ಣು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಭಾನುವಾರ ಓದಬೇಕಾದ್ದನ್ನೆಲ್ಲ ನಾನು ಶನಿವಾರವೇ ಓದಿ ಹೇಳುತ್ತೇನೆ, ಅವರು ಬಾಯಿಪಾಠ ಮಾಡಿಕೊಂಡು ಮರುದಿನ ಕಾಗದ ಕೈಯಲ್ಲಿ ಹಿಡಿದು ಓದಿದ ಹಾಗೆ ಹೇಳುತ್ತಾರೆ. ಇದು ಸಭೆಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ಅವರೊಬ್ಬರೇ ನಂಬಿದ್ದಾರೆ.

ತಂಗಿ ಕರುಣಾಳ ಮದುವೆಯಲ್ಲಿ ಏನೋ ನಗೆಗೇಡಾಯಿತಂತೆ, ಅಯ್ಯನವರು ನಿನ್ನ ಹೆಸರು ಓದಿಬಿಟ್ಟರಂತೆ, ನಿಜವೇ ಎಂದು ಕೇಳಿದ್ದೀ. ಬೆಟಗೇರಿಯವರೆಗೂ ಹೋಯಿತೇ ಆ ಸುದ್ದಿ! ನಮ್ಮ ಸಭೆಯ ಹೆಂಗಸರಿಗೆ ಅಂಚೆ ಕಚೇರಿಯೇ ಬೇಡ. ಮದುವೆಗೆ ನೀನೇ ಬಂದಿದ್ದರೆ ಎಲ್ಲವನ್ನೂ ಕೇಳಿಕೊಳ್ಳಬಹುದಿತ್ತು. ರಜೆ ಸಿಗಲಿಲ್ಲ ಎಂದು ಬರೆದೆ, ನಂಬಿದ್ದೇನೆ.

ಆದದ್ದು ಮದುವೆಯ ದಿನವಲ್ಲ, ಅದಕ್ಕೆ ಮೊದಲು, ಏಪ್ರಿಲಿನಲ್ಲಿ. ಗಂಡು ನಮ್ಮ ಥಿಯೋಫಿಲ. ರೈಲ್ವೆಯಲ್ಲಿ ಗುಮಾಸ್ತ, ನಮ್ಮ ದೇವಾಲಯದಲ್ಲಿ ಹಾರ್ಮೋನಿಯಂ ಬಾರಿಸುತ್ತಾನೆ. ಕೀರ್ತನೆಗಳ ಅಭ್ಯಾಸಕ್ಕೆಂದು ಎರಡು ವರ್ಷ ನಮ್ಮ ಮನೆಗೆ ಬಂದು ಹೋಗಿ ಮಾಡುತ್ತಿದ್ದವನು ಕೊನೆಗೆ ಕರುಣಾಳನ್ನು ಕೇಳಿದ. ಮೂರು ಭಾನುವಾರ ಸಭೆಯಲ್ಲಿ ಗಂಡುಹೆಣ್ಣಿನ ಹೆಸರು ಓದಿ, ಇವರ ಮದುವೆಗೆ ಅಡ್ಡಿಯೇನಾದರೂ ಗೊತ್ತಿದ್ದವರು ಈಗಲೇ ಹೇಳಲಿ ಎಂದು ಕೇಳುವುದಿದೆಯಲ್ಲ, ಅಪ್ಪ ಎಷ್ಟು ಜೋಡಿಗಳಿಗೆ ಹಾಗೆ ಓದಿದ್ದಾರೋ! ಒಮ್ಮೆಯೂ ತಪ್ಪಿದವರಲ್ಲ. ಸ್ವಂತ ಮಗಳದಕ್ಕೇ ತಪ್ಪಿದರು.

ತಪ್ಪು ಬೈಬಲಿನ ಯಾಕೋಬನದು. ಆ ಭಾನುವಾರ ಅಪ್ಪನ ಪ್ರಸಂಗ ಅವನ ಮದುವೆಯ ಮೇಲಿತ್ತು. "ಈ ಒಂದು ವಾರ ಬೇರೆ ಏನರ ತಗೋರಿ ಅಪ್ಪಾ" ಎಂದು ನಾನು ಶನಿವಾರವೇ ಅಂದೆ. "ಕ್ರಮಾ ತಪ್ಪಿಸಾಕ ಬರೂದಿಲ್ಲವ್ವಾ. ಹ್ವಾದ ವಾರ ಯಾಕೋಬನ ಕನಸಿನ ನಿಚ್ಚಣಿಕಿ ಆತು. ಈ ವಾರ ಅವನ ಮಾವ ಲಾಬಾನನ ಮನಿ" ಎಂದರು. ಅಪ್ಪನ ಹಟ ನಿನಗೆ ಗೊತ್ತೇ ಇದೆ.

ಪ್ರಸಂಗದಲ್ಲಿ ಲಾಬಾನನಿಗೆ ಚೆನ್ನಾಗಿ ಬೈದರು. ಕಿರಿಮಗಳು ರಾಹೇಲಳಿಗಾಗಿ ಏಳು ವರ್ಷ ದುಡಿದ ಯಾಕೋಬನಿಗೆ ಅಕ್ಕ ಲೇಯಾಳನ್ನು ಮುಸುಕು ಹಾಕಿ ಕೊಟ್ಟು, ಬೆಳಗಾದ ಮೇಲೆ, ನಮ್ಮಲ್ಲಿ ದೊಡ್ಡವಳಿರುವಾಗ ಚಿಕ್ಕವಳನ್ನು ಕೊಡುವುದಿಲ್ಲವಪ್ಪ ಎಂದು ಹೇಳಿದವನಿಗೆ ಎಷ್ಟು ಬೈದರೂ ಕಡಿಮೆಯೇ. ಆದರೆ ಆ ಮಾತನ್ನು ಅಪ್ಪ ವರ್ಷವೆಲ್ಲ ಕೇಳಿದ್ದರು. ನಮ್ಮ ಮನೆಯಲ್ಲಿ ಚಹಾ ಕುಡಿದವರೆಲ್ಲ ಕಪ್ಪು ಕೆಳಗಿಟ್ಟು, "ದೊಡ್ಡಾಕಿ ಇರೂವಾಗ ಸಣ್ಣಾಕಿದು ಹ್ಯಾಂಗ್ರಿ ಅಯ್ಯನವರ?" ಎಂದು ಕೇಳಿಯೇ ಏಳುತ್ತಿದ್ದರು. ಅಪ್ಪನ ತಲೆಯಲ್ಲಿ ಎರಡು ಮನೆಯ ಅಕ್ಕತಂಗಿಯರು ಕಲಸಿಹೋಗಿರಬೇಕು. ಕಾಗದ ಎತ್ತಿ ಹಿಡಿದು, ಗಟ್ಟಿ ದನಿಯಲ್ಲಿ, "ಥಿಯೋಫಿಲನಿಗೂ ನನ್ನ ಮಗಳಾದ ಮಿಲ್ಕಾಳಿಗೂ" ಎಂದರು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿರಿಯರಾದ ಯೋನಪ್ಪನವರು ಎದ್ದು, "ಸಣ್ಣಾಕಿರಿ ಅಯ್ಯನವರ, ಸಣ್ಣಾಕಿ" ಎಂದರು. ಇಡೀ ದೇವಾಲಯ ನಕ್ಕಿತು. ಅಪ್ಪ ನಾಲಿಗೆ ಕಚ್ಚಿಕೊಂಡು ತಿದ್ದಿದರು. ನಾನೂ ನಕ್ಕೆ, ನಗದೆ ಏನು ಮಾಡಲಿ? ಅಂದಿನಿಂದ ಭಾನುವಾರದ ಶಾಲೆಯ ಮಕ್ಕಳಿಗೆ ನಾನು ಲೇಯಾ ಟೀಚರ್. ಲೇಯಾಳ ಕಣ್ಣು ಮಂದ, ನನ್ನದು ಸೋಡಾಬಾಟಲಿ ತಳದಂಥ ಕನ್ನಡಕ. ಹೆಸರು ಸರಿಯಾಗಿಯೇ ಕೂತಿದೆ.

ಕರುಣಾ ಈಗ ಬಸುರಿ. ನಿನಗೆ ಅವಳೇ ಬರೆಯುತ್ತೇನೆ ಅಂದಿದ್ದಳು, ಬರೆದಿರುವುದಿಲ್ಲ. ಕ್ರಿಸ್ಮಸ್ಸಿಗೆ ಮೊದಲೇ ಅವರಿಬ್ಬರೂ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದು ಇರುವುದೆಂದು ಗೊತ್ತುಮಾಡಿದ್ದಾರೆ. ಅಪ್ಪನಿಗೂ ಆಸರೆ, ಅವಳಿಗೂ ಆಸರೆ. ಥಿಯೋಫಿಲ ಒಳ್ಳೆಯವನು. ಈಗಲೂ ಭಾನುವಾರ ಬೆಳಗ್ಗೆ ಬಂದು ಅಪ್ಪನ ಕೈ ಹಿಡಿದು ದೇವಾಲಯಕ್ಕೆ ಕರೆದೊಯ್ಯುತ್ತಾನೆ, ಮೆಟ್ಟಿಲು ಬಂದಾಗ ಯಾರಿಗೂ ಕೇಳದಂತೆ ಕಿವಿಯಲ್ಲಿ ಹೇಳುತ್ತಾನೆ. ಮಧ್ಯಾಹ್ನ ಇಬ್ಬರೂ ಇಲ್ಲೇ ಊಟ. ನನ್ನ ಕೋಣೆ ಅವರಿಗೆ. ನಾನು ನಡುಮನೆಯಲ್ಲಿ ಹಾಸಿಕೊಳ್ಳುವುದೆಂದು ಮಾತಾಯಿತು. ಯಾರೂ ನನ್ನನ್ನು ಹೊರಗೆ ಹಾಕುತ್ತಿಲ್ಲ. ಮಗುವಿಗೆ ದೊಡ್ಡಮ್ಮ ಬೇಡವೇ?

ಈ ನಡುವೆ ಜುಲೈಯಲ್ಲಿ ಅಮ್ಮಿನಬಾವಿಯಿಂದ ಉಪದೇಶಿ ಶಾಂತಯ್ಯನವರು ಬಂದರು. ನೀನು ಅವರನ್ನು ಕಂಡಿಲ್ಲ. ನಲವತ್ತು ದಾಟಿದೆ, ಹೆಂಡತಿ ತೀರಿಕೊಂಡು ಎರಡು ಮಳೆಗಾಲವಾಯಿತು, ಇಬ್ಬರು ಹೆಣ್ಣುಮಕ್ಕಳು. ಲಿಂಗವಂತರ ಮನೆಯಲ್ಲಿ ಹುಟ್ಟಿ ದೀಕ್ಷಾಸ್ನಾನ ಪಡೆದವರು, ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಕಟ್ಟೆಯ ಮೇಲೆ ಕೂತು, ಒದ್ದೆ ಕೊಡೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು, ನನ್ನೆದುರಿಗೇ ಕೇಳಿದರು. "ನನ್ನ ಕಡೆ ಹೇಳಿಕೊಳ್ಳೂವಂಥಾದ್ದು ಏನೂ ಇಲ್ರಿ ಟೀಚರ. ಮನ್ಯಾಗ ಎರಡು ಹುಡುಗ್ಯಾರು ತಲಿ ಬಾಚಿಸ್ಕೊಳ್ಳದ ಅಡ್ಡಾಡ್ತಾವ. ನಿಮಗ ಮನಸ್ಸಿದ್ರ ನೋಡ್ರಿ. ಇಲ್ಲಂದ್ರ ಸಿಟ್ಟಿಲ್ಲ." ಆಗಸ್ಟ್ ಮುಗಿಯುವುದರೊಳಗೆ ಉತ್ತರ ಬೇಕು ಎಂದರು, ಬೇಡ ಅಂದರೆ ಮಕ್ಕಳನ್ನು ವಸತಿಶಾಲೆಗೆ ಹಾಕಬೇಕಂತೆ. ಎರಡನೆಯದಕ್ಕೆ ಇನ್ನೂ ಐದು ವರ್ಷ ತುಂಬಿಲ್ಲ. ನೀನೂ ನಾನೂ ವಸತಿಶಾಲೆಯಲ್ಲಿ ಬೆಳೆದವರು, ಮೊದಲ ರಾತ್ರಿಗಳು ನೆನಪಿವೆಯಲ್ಲ?

ಅಪ್ಪನಿಗೆ ಆಸೆಯಾಯಿತು. ದಿನಕ್ಕೊಬ್ಬ ಬೈಬಲಿನ ಆದಿಪಿತೃವನ್ನು ಕರೆದುಕೊಂಡು ನನ್ನ ಹಿಂದೆ ಅಡುಗೆಮನೆಗೆ ಬಂದರು. ಒಂದು ದಿನ ಅಬ್ರಹಾಮ ಎಲ್ಲಿಗೆಂದು ತಿಳಿಯದೆ ಹೊರಟ, ನೀನೂ ಹೊರಡು ಎಂದರು. ಇನ್ನೊಂದು ದಿನ ಲೇಯಾ. ಮೊದಲ ಮೂರು ಮಕ್ಕಳಾದಾಗಲೂ ಅವಳು ಈಗಲಾದರೂ ಗಂಡ ನನ್ನನ್ನು ನೋಡುತ್ತಾನೆ ಎಂದುಕೊಂಡಳು, ನಾಲ್ಕನೆಯ ಯೆಹೂದ ಹುಟ್ಟಿದಾಗ ಗಂಡನ ಮಾತೇ ಎತ್ತದೆ ದೇವರನ್ನು ಕೊಂಡಾಡಿದಳು. ಆ ಯೆಹೂದನ ಸಂತಾನದಲ್ಲೇ ನಮ್ಮ ಕರ್ತನು ಹುಟ್ಟಿದ್ದು, ರಾಹೇಲಳ ಸಂತಾನದಲ್ಲಲ್ಲ, ನೋಡು, ಎಂದರು. ಪಾಠ ದೊಡ್ಡದೇ. ಆದರೆ ಮೂರು ಸಲ ಬಯಸಿ ಬಯಸಿ ದಣಿದ ಮೇಲೆ ಅವಳು ದೇವರ ಕಡೆ ತಿರುಗಿದಳಲ್ಲ, ಅದು ಭಕ್ತಿಯೋ ಸುಸ್ತೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ರೊಟ್ಟಿ ಬಡಿದೆ.

ಆಗಸ್ಟಿನಲ್ಲಿ ಶಾಂತಯ್ಯನವರ ತಾಯಿ ಮುರಿಗೆವ್ವ ನನ್ನನ್ನು ನೋಡಲು ತಾನೇ ಬಂದಳು. ಮಗ ಕ್ರೈಸ್ತನಾದರೂ ಅವಳು ಕೊರಳ ಲಿಂಗ ಬಿಟ್ಟಿಲ್ಲ, ಮಗನನ್ನೂ ಬಿಟ್ಟಿಲ್ಲ. ಒಂದೇ ಮನೆಯಲ್ಲಿ ಎರಡು ಒಲೆ. ನಮ್ಮ ಮನೆಯಲ್ಲಿ ನೀರೂ ಮುಟ್ಟಲಿಲ್ಲ, ಸೆರಗಿನ ಗಂಟಿನಿಂದ ಶೇಂಗಾ ಬಿಚ್ಚಿ ತಾನೇ ತಿಂದು ನನಗೂ ಕೊಟ್ಟಳು. ನನ್ನ ಕನ್ನಡಕ ತೆಗೆಸಿ ಕಣ್ಣು ನೋಡಿದಳು. "ಅಡ್ಡಿಯಿಲ್ಲ ಬಿಡು, ಅಕ್ಕ್ಯಾಗಿನ ಕಲ್ಲು ನಾ ಆರಸ್ತೇನಿ" ಎಂದಳು. ಆಮೇಲೆ ಶುರುಮಾಡಿದಳು:

"ನಿನಗ ಲೇಯಾ ಅಂತಾರಂತಲ್ಲಬೇ? ಆ ಕತಿ ನನ್ನ ಮಗಾ ಹೇಳಿದಾ. ಅಪ್ಪಾ ಮಾತಾಡಿದಾ, ಅಳ್ಯಾ ಜಗಳಾಡಿದಾ, ಊರ ಮಂದಿ ಉಂಡು ಹ್ವಾದ್ರು. ಆ ಹುಡಿಗೀನ್ನ ಯಾರರ ಒಬ್ರು ಕೇಳಿದ್ರೇನು, ನಿನಗ ಬೇಕೇನವ್ವಾ ಅಂತ?"

ಇಲ್ಲ ಎಂದೆ. "ಮತ್ತ? ನಿಮ್ಮಪ್ಪ ನಿನ್ನ ಕೇಳ್ಯಾನೇನು?" ಎಂದಳು. ಒಳಗೆ ಮಂಚದ ಮೇಲಿದ್ದ ಅಪ್ಪನಿಗೆ ಕೇಳಿಸಿತು. ಕಣ್ಣು ಹೋದರೂ ಕಿವಿ ಇನ್ನೂ ಚುರುಕಾಗಿದೆ.

ಆ ಸಂಜೆ ಅವರು ಆದಿಪಿತೃಗಳನ್ನು ಕರೆತರಲಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು, "ಮಿಲ್ಕಾ, ನಾನು ಲಾಬಾನಾಗೂದು ಬ್ಯಾಡವ್ವಾ. ಇಸಾಕಗ ಕೊಡೂ ಮದಲ ರೆಬೆಕ್ಕನ ಮನಿಯವ್ರು ಒಂದ ಕೆಲಸಾ ಖರೇ ಮಾಡಿದ್ರು, ಆಕಿನ್ನ ಕರದು ಕೇಳಿದ್ರು. ನಾನೂ ಕೇಳ್ತೇನಿ. ಈ ಮನುಷ್ಯಾನ ಸಂಗಾಟ ಹೋಗ್ತೀಯೇನು? ಬ್ಯಾಡಂದ್ರ ಬ್ಯಾಡ. ಈ ಮನಿ ನಿಂದೂ ಹೌದು" ಎಂದರು. ಒಂದು ದಿನ ಕೊಡಿರಿ ಎಂದು ಕೇಳಿಕೊಂಡೆ.

ಮರುದಿನ ಭಾನುವಾರ, ಮಕ್ಕಳಿಗೆ ನಾನು ಹೇಳಬೇಕಾದ ಪಾಠ ಇಸಾಕನ ಬಾವಿಗಳದು. ಮಕ್ಕಳಿಗೆ ಅದು ಬೇಸರ, ಕತ್ತಿಯಿಲ್ಲ, ಕನಸಿಲ್ಲ. ಇಸಾಕ ಬಾವಿ ತೋಡುತ್ತಾನೆ, ನೆರೆಯವರು ಬಂದು ನೀರು ನಮ್ಮದು ಎನ್ನುತ್ತಾರೆ. ಅವನು ಜಗಳವಾಡದೆ ಬಿಟ್ಟುಕೊಟ್ಟು ಮುಂದೆ ಹೋಗಿ ಇನ್ನೊಂದು ತೋಡುತ್ತಾನೆ. ಅದಕ್ಕೂ ಬರುತ್ತಾರೆ, ಅದನ್ನೂ ಬಿಡುತ್ತಾನೆ. ಮೂರನೆಯದಕ್ಕೆ ಯಾರೂ ಬರಲಿಲ್ಲ. "ಟೀಚರ್, ಮದಲನೇ ಬಾವಿ ನೀರು ಭಾಳ ಸಿಹಿ ಇತ್ತೇನ್ರಿ?" ಎಂದು ಒಬ್ಬ ಹುಡುಗಿ ಕೇಳಿದಳು. ಹಾಗೆಲ್ಲ ಬರೆದಿಲ್ಲ, ಸುಮ್ಮನೆ ಕೂರು ಎಂದು ಗದರಿಸಿಬಿಟ್ಟೆ. ಪಾಪ, ಅವಳ ತಪ್ಪೇನೂ ಇರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, "ಹೋಗ್ತೇನಿ ಅಪ್ಪಾ" ಎಂದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತರು. ಅಮ್ಮ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಈ ತಿಂಗಳ ಇಪ್ಪತ್ತಾರಕ್ಕೆ ಮದುವೆ. ನೀನು ಬರಲೇಬೇಕು, ಈ ಸಲ ರಜೆ ಸಿಗಲಿಲ್ಲ ಎಂದರೆ ನಂಬುವುದಿಲ್ಲ. ಸಂತೋಷವೇ ಎಂದು ಮಾತ್ರ ಕೇಳಬೇಡ. ಶಾಂತಯ್ಯನವರು ಸುಳ್ಳು ಹೇಳದ ಮನುಷ್ಯ, ಮಕ್ಕಳ ತಲೆ ಬಾಚಲು ನನಗೆ ಬರುತ್ತದೆ, ಅಲ್ಲಿನ ಕಟ್ಟೆಯ ಮೇಲೆ ಹೆಣ್ಣುಮಕ್ಕಳಿಗೊಂದು ಶಾಲೆ ತೆಗೆಯಬಹುದು. ಬಹಳ ದಣಿದಿದ್ದೇನೆ ದೊರ್ಕಾ, ಬೇರೆ ಊರಲ್ಲಿ ದಣಿದರೆ ಅಷ್ಟೇ ಸಾಕು ಅನಿಸಿದೆ.

ಎಷ್ಟೋ ಜನರ ಗಾಯ ಕಟ್ಟುವ ನಿನ್ನ ಕೈಗಳನ್ನು ದೇವರು ಗಟ್ಟಿಯಾಗಿಡಲಿ. ಇಸಾಕನಿಗೆ ಕೊಟ್ಟ ಸಮಾಧಾನವನ್ನು ನಿನಗೂ ಕೊಡಲಿ.

ನಿನ್ನ,
ಮಿಲ್ಕಾ

ತಾ.ಕ. — ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ನಿನಗಲ್ಲದೆ ಇನ್ನಾರಿಗೆ ಹೇಳಲಿ?

ಏಪ್ರಿಲಿನ ಆ ಭಾನುವಾರ ಅಪ್ಪ ನನ್ನ ಹೆಸರು ಓದಿದಾಗ, ಅದು ತಪ್ಪೆಂದು ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಆದರೂ ಯೋನಪ್ಪನವರು ಏಳುವವರೆಗೆ, ಯಾರೂ ಏಳದಿರಲಿ ದೇವರೇ, ಯಾರೂ ತಿದ್ದದಿರಲಿ ಎಂದು ಪ್ರಾರ್ಥಿಸಿದೆ. ನಾನು ಸಭಾಪಾಲಕರ ಮಗಳು, ಹುಟ್ಟಿದಾಗಿನಿಂದ ಪ್ರಾರ್ಥಿಸುತ್ತಿದ್ದೇನೆ. ಅಷ್ಟು ಮನಸಾರೆ ಇನ್ನೆಂದೂ ಪ್ರಾರ್ಥಿಸಿಲ್ಲ. ಎರಡು ವರ್ಷ ಆ ಹಾರ್ಮೋನಿಯಂ ಪಕ್ಕದಲ್ಲಿ ನಿಂತು ಹಾಡಿದವಳು ನಾನು. ಕರುಣಾ ಚಹಾ ತಂದಿಟ್ಟು ಹೋಗುತ್ತಿದ್ದಳು, ಅಷ್ಟೇ. ಅವನಿಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಇಬ್ಬರಲ್ಲೂ ತಪ್ಪಿಲ್ಲ. ಅವರು ಬಂದು ನನ್ನ ಕೋಣೆಯಲ್ಲಿರುತ್ತಾರೆ, ಅದನ್ನು ನಾನು ನಡುಮನೆಯಲ್ಲಿ ಮಲಗಿ ಕೇಳಲಾರೆ. ರೆಬೆಕ್ಕ ಹೋಗುತ್ತೇನೆ ಎಂದು ತಟ್ಟನೆ ಹೇಳಿದಳು, ಅವಳ ಮನಸ್ಸಿನಲ್ಲಿ ಅದಕ್ಕೆ ಮೊದಲು ಬೇರೆ ಯಾರೂ ಇರಲಿಲ್ಲ.

ಮೊನ್ನೆ ಭಾನುವಾರ ನಮ್ಮ ಮೊದಲ ಪ್ರಕಟಣೆ. ಶಾಂತಯ್ಯನವರಿಗೂ ಮಿಲ್ಕಾಳಿಗೂ ಎಂದು ಅಪ್ಪ ಈ ಸಲ ಸರಿಯಾಗಿ ಹೇಳಿದರು. ಅಡ್ಡಿ ಗೊತ್ತಿದ್ದವರು ಈಗಲೇ ಹೇಳಲಿ ಎಂದು, ಕಾಣದ ಕಣ್ಣಿನಿಂದ ಸಭೆಯನ್ನೆಲ್ಲ ನೋಡಿದರು. ಯಾರೂ ಮಾತಾಡಲಿಲ್ಲ. ಅಡ್ಡಿ ಗೊತ್ತಿದ್ದವಳು ನಾನೊಬ್ಬಳೇ. ಥಿಯೋಫಿಲ ಹಾರ್ಮೋನಿಯಂ ತಿದಿ ಒತ್ತಿ ಕೀರ್ತನೆಗೆ ಸ್ವರ ಕೊಟ್ಟ, ಎಲ್ಲರ ಜೊತೆ ನಾನೂ ಎದ್ದು ನಿಂತು ಹಾಡಿದೆ.

ಇನ್ನು ಎರಡು ಭಾನುವಾರ ಇವೆ ದೊರ್ಕಾ. ಎರಡು ಸಲವೂ ಅಪ್ಪ ಅದನ್ನೇ ಕೇಳುತ್ತಾರೆ.