ಹೊಗೆ ಚೀಟಿ

ನವೆಂಬರ್ ೧೪, ಮಂಗಳವಾರ ಬೆಳಿಗ್ಗೆ

ನನ್ನ ಮುದ್ದು ಮಗಳಿಗೆ,

ಕ್ಷಮೆ ಕೇಳಬೇಕಾದ ಪತ್ರವನ್ನು ಆಶೀರ್ವಾದದಿಂದ ಆರಂಭಿಸುವುದು ಸರಿಯೋ ತಪ್ಪೋ ತಿಳಿಯದು. ಆದರೂ ತಾಯಿಯಾದವಳಿಗೆ ಬೇರೆ ಆರಂಭ ಬಾರದು. ಚೆನ್ನಾಗಿರು.

ನಿನ್ನ ಎರಡು ಸಾಲಿನ ಕಾಗದ ಶುಕ್ರವಾರ ತಲುಪಿತು. ತಿಂಗಳ ಕೊನೆಗೆ ಇಲಾಖೆಯ ಕೆಲಸಕ್ಕೆ ರಾಜೀನಾಮೆ ಕೊಡುವುದಾಗಿಯೂ, ಇನ್ನು ಆ ಇಂಗಾಲದ ಕಾನೂನಿಗೆ ಕೈ ಹಾಕುವುದಿಲ್ಲವೆಂದೂ ಬರೆದಿದ್ದೀಯೆ. ಕಾರಣ ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಅದನ್ನು ನಿನ್ನ ಮುಖಕ್ಕೆ ಹೊಡೆದಂತೆ ಹೇಳಿದವಳು ನಾನೇ. ನಿನ್ನ ಮಾವನ ದೇಹ ಇನ್ನೂ ಮನೆಯ ಮುಂದಿರುವಾಗ, ಗಾಜಿನ ಕಾರ್ಖಾನೆಯ ಅಷ್ಟೂ ಜನರ ಎದುರಿಗೆ, "ನಿನ್ನ ಕಾನೂನೇ ನನ್ನ ತಮ್ಮನನ್ನು ತಿಂದಿತು" ಎಂದೆ. ನೀನು ಒಂದು ಲೋಟ ನೀರನ್ನೂ ಮುಟ್ಟದೆ ಹೊರಟುಹೋದೆ.

ಆ ಮಾತು ಸುಳ್ಳು. ಆಡುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು.

ಜೀವಮಾನದಲ್ಲಿ ಕರಡು ಮಾಡದೆ ನಾನು ಬರೆಯುತ್ತಿರುವ ಮೊದಲ ಪತ್ರವಿದು. ನಿನಗೆ ತಿಳಿದ ಸಂಗತಿಗಳೂ ಇದರಲ್ಲಿ ಬರುತ್ತವೆ. ಕ್ರಮವಾಗಿ ಹೇಳದಿದ್ದರೆ ನಡುವೆ ಎಲ್ಲಿಯಾದರೂ ನುಣುಚಿಕೊಂಡುಬಿಡುತ್ತೇನೆಂಬ ಭಯ ನನಗೆ.

ಎರಡು ವರ್ಷಗಳ ಹಿಂದೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ನೀನು ಆಲೂಗಡ್ಡೆಗಳನ್ನು ಹರಡಿ ಮಾವನಿಗೆ ಪಾಠ ಹೇಳಿದ್ದು ನೆನಪಿದೆಯೇ? ಎಲ್ಲ ಕಾರ್ಖಾನೆಗಳೂ ಸೇರಿ ವರ್ಷಕ್ಕೆ ಇಷ್ಟೇ ಹೊಗೆ ಬಿಡಬೇಕು. ಅದಕ್ಕೆ ತಕ್ಕಷ್ಟೇ ಪರವಾನಗಿಗಳು, ಒಂದು ಆಲೂಗಡ್ಡೆ ಅಂದರೆ ಒಂದು ಪರವಾನಗಿ. ಕಡಿಮೆ ಹೊಗೆ ಬಿಟ್ಟವರು ಮಿಕ್ಕದ್ದನ್ನು ಮಾರಬಹುದು, ಹೆಚ್ಚು ಬಿಡುವವರು ಕೊಳ್ಳಬೇಕು, ಕೊಳ್ಳದಿದ್ದರೆ ತೆರಿಗೆ ತೆರಬೇಕು ಎಂದು ನೀನು ವಿವರಿಸಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂದ್ರೆ ಹೊಗೆಗೂ ರೇಷನ್ ಬಂತು ಅನ್ನು! ಪರವಾನಗಿ ಗಿರವಾನಗಿ ಎಲ್ಲ ನಮ್ಮೋರ ನಾಲಿಗೇಲಿ ಹೊರಳಲ್ಲ ಕಣೇ. ಹೊಗೆ ಚೀಟಿ ಅಂತೀವಿ ಬಿಡು" ಎಂದ. ಆಮೇಲೆ ಒಂದು ಆಲೂಗಡ್ಡೆಯನ್ನು ಕೈಯಲ್ಲಿ ತಿರುಗಿಸುತ್ತ, "ಈ ಚೀಟಿ ನಮ್ಮ ಮಾಲೀಕರಿಗೆ ಪುಕ್ಕಟೆ ಸಿಗುತ್ತಾ?" ಎಂದು ಕೇಳಿದ. ಮೊದಲ ಐದು ವರ್ಷ ಪುಕ್ಕಟೆಯೇ, ಹಳೆಯ ಉತ್ಪಾದನೆಯನ್ನು ನೋಡಿ ಕೊಡುತ್ತಾರೆ ಎಂದೆ ನೀನು. ಅವನ ನಗು ಅಲ್ಲಿಗೆ ನಿಂತಿತು. ನೀನು ರೈಲಿನ ಅವಸರದಲ್ಲಿದ್ದೆ, ಗಮನಿಸಲಿಲ್ಲ. ನಾನು ಗಮನಿಸಿದೆ, ಕೇಳಲಿಲ್ಲ.

ಏಳನೆಯ ತರಗತಿಗೆ ಶಾಲೆ ಬಿಟ್ಟವನು ಆಲೂಗಡ್ಡೆ ಕೆಳಗಿಡುವುದರೊಳಗೆ ನಿಮ್ಮ ಇಡೀ ಇಲಾಖೆಗೆ ಆಗಿನ್ನೂ ಕಾಣದ್ದನ್ನು ಕಂಡಿದ್ದ.

ಕಾನೂನು ಅಂತಿಮವಾಗುವ ಮುನ್ನ ಸಾರ್ವಜನಿಕರು ಆಕ್ಷೇಪಣೆ ಕಳುಹಿಸಬಹುದೆಂದು ಪ್ರಕಟಣೆ ಬಂತಲ್ಲವೇ? ಕಾರ್ಮಿಕ ಸಂಘದವರು ಮನವಿ ಬರೆಯುವ ಹೊಣೆಯನ್ನು ಅವನಿಗೆ ವಹಿಸಿದರು. ಅಕ್ಕ ಶಾಲೆಯ ಉಪಾಧ್ಯಾಯಿನಿ ಎಂಬುದೇ ಅವನ ಅರ್ಹತೆ. ಪಾಳಿಯ ಹಾಜರಿ ಹಾಳೆಯ ಬೆನ್ನಿಗೆ ಒಂದು ಪುಟ ಬರೆದು, ಸಂಘದವರಿಗೆಲ್ಲ ಓದಿ ಹೇಳಿ, ತಿದ್ದಲೆಂದು ನನ್ನಲ್ಲಿಗೆ ತಂದ. ಕುಲುಮೆಯ ಬೆಂಕಿಯನ್ನು ಬಣ್ಣ ನೋಡಿಯೇ ಅಳೆಯುತ್ತಿದ್ದವನ ಅಕ್ಷರಗಳು ಮಾತ್ರ ಒಂದೊಂದು ಒಂದೊಂದು ದಿಕ್ಕಿಗೆ ಬಿದ್ದಿದ್ದವು. ಗಾಜಿನ ಕುಲುಮೆಯನ್ನು ಸುಮ್ಮನೆ ಆರಿಸಿ ಮತ್ತೆ ಹಚ್ಚಲಾಗದು, ಒಮ್ಮೆ ತಣ್ಣಗಾದರೆ ಒಳಗಿನ ಇಟ್ಟಿಗೆ ಬಿರಿದು ಹೋಗುತ್ತದೆ ಎಂದೆಲ್ಲ ಬರೆದು, ಕೊನೆಗೆ ಈ ಸಾಲನ್ನು ಸೇರಿಸಿದ್ದ: "ಕುಲುಮೆ ಆರಿಸಿದವರಿಗೆ ಹೊಗೆ ಚೀಟಿ ಮಾರೋಕೆ ಬಿಡಬೇಡಿ, ಬಿಟ್ಟರೆ ನಮ್ಮ ಮಾಲೀಕರು ನಾಳೇನೇ ಆರಿಸ್ತಾರೆ, ಹೊಗೆ ಮಾರಿದ್ರೇ ಕಾಸು ಬರುತ್ತೆ ಅಂದ್ಮೇಲೆ ಸೀಸೆ ಯಾಕೆ ಮಾಡ್ತಾರೆ."

ಆ ಸಾಲಿನ ಮೇಲೆ ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ.

ಅನ್ನ ಕೊಡುವವರನ್ನು ಮೊದಲೇ ಕಳ್ಳರೆಂದು ಊಹಿಸುವುದು ಮನವಿಯ ಮರ್ಯಾದೆಯಲ್ಲ ಎಂದು ಅವನಿಗೆ ಹೇಳಿದೆ. ಅದು ಅರ್ಧ ಸತ್ಯ. ಉಳಿದರ್ಧ ಇದು: ಆ ಕಾಗದ ನಿನ್ನ ಕಚೇರಿಗೆ ಹೋಗುವುದಿತ್ತು. ನಿನ್ನ ಮೇಲಧಿಕಾರಿಗಳು ಅದನ್ನು ಓದಿ, ಬರೆದವನು ನಿನ್ನ ಸ್ವಂತ ಮಾವನೆಂದು ತಿಳಿದು, ಬಾಯಿಗೆ ಕೈ ಅಡ್ಡ ಇಟ್ಟು ನಗುವುದನ್ನು ನಾನು ಕಣ್ಣಾರೆ ಕಂಡಂತಾಯಿತು. ನನಗೆ ನಾಚಿಕೆಯಾಯಿತು, ಮಗಳೇ. ಆ ಸಾಲಿನ ಜಾಗದಲ್ಲಿ ದುಡಿಮೆಯ ಘನತೆಯ ಕುರಿತು ಒಂದು ಪರಿಚ್ಛೇದ ಬರೆದೆ. ಬಹಳ ಸೊಗಸಾಗಿ ಬಂದಿತ್ತು.

ಶುದ್ಧಪ್ರತಿಯನ್ನು ಗಟ್ಟಿಯಾಗಿ ಓದಿದೆ. ಬೆಂಕಿ ನೋಡುವ ನೀಲಿ ಗಾಜನ್ನು ಅಂಗಿಯ ಅಂಚಿನಿಂದ ಒರೆಸುತ್ತ ಕೇಳಿಸಿಕೊಂಡ. "ಚೆನ್ನಾಗಿದೆ ಅಕ್ಕ. ಆ ಒಂದು ಮಾತು ಮಾತ್ರ ಕಾಣಿಸ್ಲಿಲ್ಲ" ಎಂದ. ಅದರ ಭಾವವೆಲ್ಲ ಇದರಲ್ಲೇ ಅಡಗಿದೆ ಎಂದೆ. "ನೀನು ಹೇಳಿದ್ಮೇಲೆ ಇರುತ್ತೆ ಬಿಡು" ಎಂದು ಸಹಿ ಹಾಕಿದ. ಅವನ ಸಹಿ ನೋಡಿ ಉಳಿದವರೂ ಓದದೆ ಹಾಕಿದರು.

ಮಾರ್ಚಿನಲ್ಲಿ ಮಾಲೀಕರು ಕುಲುಮೆ ಆರಿಸಿದರು. ಐದು ವರ್ಷಗಳ ಪರವಾನಗಿಗಳು ಸಿಮೆಂಟ್ ಕಾರ್ಖಾನೆಗೆ ಮಾರಾಟವಾದವು. ಸೀಸೆಗಳು ಈಗ ಇಂಥ ತೆರಿಗೆಯೇ ಇಲ್ಲದ ದೇಶದಿಂದ ಹಡಗಿನಲ್ಲಿ ಬರುತ್ತಿವೆ. ಹೊಗೆ ಕಡಿಮೆಯಾಗಲಿಲ್ಲ, ವಿಳಾಸ ಬದಲಾಯಿಸಿತು. ಕುಲುಮೆ ತಣ್ಣಗಾದ ಮೂರು ದಿನವೂ ಅವನು ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದ. ರಸ್ತೆಯಾಚೆಯಿಂದ ಚಟ್ ಚಟ್ ಎಂಬ ಸದ್ದು ಬರುತ್ತಿತ್ತು. "ಇಟ್ಟಿಗೆ ಬಿರೀತಿದೆ ಅಕ್ಕ. ಇನ್ನು ದೇವರೇ ಬಂದ್ರೂ ಹಚ್ಚೋಕಾಗಲ್ಲ" ಎಂದ. ಇಪ್ಪತ್ತೇಳು ವರ್ಷ ನಮ್ಮ ಅಡುಗೆಮನೆಯ ಕಿಟಕಿಯಿಂದ ಚಿಮಣಿ ನೋಡಿ ಪಾಳಿಯವರ ತಪ್ಪು ಒಪ್ಪು ಹೇಳುತ್ತಿದ್ದವನು ಅಂದಿನಿಂದ ಕಿಟಕಿಗೆ ಬೆನ್ನು ಹಾಕಿ ಕೂರತೊಡಗಿದ. ಅಕ್ಟೋಬರಿನಲ್ಲಿ ಹೋದ. ವೈದ್ಯರು ಹೃದಯವೆಂದರು, ಇರಬಹುದು.

ಅಂದು ಅವನ ತಲೆಯ ಬಳಿ ಕುಳಿತು ನೀನು ನನ್ನ ಕಿವಿಯಲ್ಲಿ ಹೇಳಿದ್ದೇನು? "ಮುಚ್ಚಿದ ಕಾರ್ಖಾನೆಯಿಂದ ಚೀಟಿ ವಾಪಸ್ ತಗೋಬೇಕು ಅಂತ ನಾನೆಷ್ಟು ಹೇಳಿದೆ ಅಮ್ಮ. ಮಾಲೀಕರ ಸಂಘ ಒಪ್ಪಲಿಲ್ಲ. ಒಂದೇ ಒಂದು ಆಕ್ಷೇಪಣೆಯಲ್ಲಿ ಆ ಮಾತು ಇದ್ದಿದ್ರೂ ಸಾಕಿತ್ತು. ಮಾವನ ಮನವೀಲಾದ್ರೂ ಇರುತ್ತೆ ಅಂತ ಎರಡೆರಡು ಸಲ ಓದಿದೆ." ಇನ್ನೊಂದು ಮಾತು ನಿನ್ನ ಬಾಯಿಂದ ಬಂದಿದ್ದರೆ ಸುತ್ತಲಿನವರಿಗೆ ಕೇಳಿಸಿ, ಆ ಸಾಲು ಹೊಡೆದವಳು ನಾನೆಂದು ಬಯಲಾಗುತ್ತಿತ್ತು. ನಿನ್ನ ಬಾಯಿ ಮುಚ್ಚಿಸಲೆಂದೇ ನಾನು ಕೂಗಿದ್ದು. ದುಃಖದಲ್ಲಿ ಆಡಿದ್ದೆಂದು ನೀನು ನನ್ನನ್ನು ಕ್ಷಮಿಸಿಯೂ ಇರಬಹುದು. ಅದನ್ನು ಹಿಂದಕ್ಕೆ ತೆಗೆದುಕೋ. ದುಃಖದಲ್ಲಿ ಆಡಿದ್ದಲ್ಲ.

ಡಿಸೆಂಬರಿನಲ್ಲಿ ನಿಯಮಗಳ ಮರುಪರಿಶೀಲನೆಯೆಂದು ನೀನೇ ಹಿಂದೆ ಹೇಳಿದ್ದೆ. ಸುಣ್ಣದ ಗೂಡಿನ ಮಾಲೀಕರೂ ಗೂಡು ಆರಿಸಿ ಚೀಟಿ ಮಾರುವ ಲೆಕ್ಕ ಹಾಕುತ್ತಿದ್ದಾರೆಂದು ಇಲ್ಲಿ ಮಾತು ಹಬ್ಬಿದೆ. ಕಾನೂನು ಕೆಟ್ಟದ್ದಲ್ಲ, ಅದರಲ್ಲೊಂದು ತೂತಿದೆ, ಅದನ್ನು ಮುಚ್ಚುವ ಮಾತನ್ನು ಹೊಡೆದುಹಾಕಿದವಳು ನಾನು. ಆ ಮರುಪರಿಶೀಲನೆಯ ಮೇಜಿನ ಮುಂದೆ ನೀನೇ ಇಲ್ಲದಿದ್ದರೆ ಅಲ್ಲಿ ಕೂರುವವರು ಮಾಲೀಕರ ಸಂಘದವರು ಮಾತ್ರ.

ನನಗೆ ಉತ್ತರ ಬರೆಯದಿದ್ದರೂ ಸರಿ. ರಾಜೀನಾಮೆ ಮಾತ್ರ ಬರೆಯಬೇಡ.

ಇಂತು,
ನಿನ್ನೆದುರು ಮೊದಲ ಬಾರಿಗೆ ತಲೆ ತಗ್ಗಿಸಿರುವ
ನಿನ್ನ ಅಮ್ಮ

ಮರೆತ ಮಾತು: ಅವನ ಹಾಜರಿ ಹಾಳೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ಕೆಂಪು ಗೆರೆಯ ಅಡಿಯಲ್ಲಿ ಅಕ್ಷರಗಳು ಸ್ಪಷ್ಟವಾಗಿವೆ. ಮರುಪರಿಶೀಲನಾ ಸಮಿತಿಯ ಮುಂದೆ ಹಾಗೆಯೇ ಓದು, ಒಂದಕ್ಷರವನ್ನೂ ತಿದ್ದಬೇಡ.

ಮರೆತ ಮಾತು ಎಂದು ಬರೆದೆ. ಮರೆತದ್ದಲ್ಲ, ಬರೆಯಲು ಧೈರ್ಯ ಬಾರದ್ದು ಇನ್ನೊಂದಿದೆ. ನಿನ್ನೆ ಕಾರ್ಮಿಕ ಸಂಘದ ಕಾರ್ಯದರ್ಶಿ ನಿನ್ನ ಮಾವನ ನೀಲಿ ಗಾಜನ್ನೂ ಊಟದ ಡಬ್ಬಿಯನ್ನೂ ತಂದುಕೊಟ್ಟರು. ಕುಲುಮೆ ಆರಿದಾಗ ಜನ ಅವನನ್ನು ಸುತ್ತುವರಿದು, ಓದಿ ಹೇಳಿದ್ದ ಆ ಸಾಲು ಮನವಿಯಲ್ಲಿ ಏಕಿಲ್ಲವೆಂದು ಕೇಳಿದರಂತೆ. "ನಕಲು ಮಾಡೋವಾಗ ನಾನೇ ಬಿಟ್ಬಿಟ್ಟೆ. ಸೇರಿಸು ಅಂತ ಅಕ್ಕ ಹೇಳಿದ್ಲು, ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ" ಎಂದನಂತೆ. ಆಮೇಲೆ ಅವರಾರೂ ಅವನನ್ನು ಚಹಾಕ್ಕೆ ಕರೆಯಲಿಲ್ಲವಂತೆ. ಏಳು ತಿಂಗಳು ದಿನವೂ ನಾಲ್ಕು ಗಂಟೆಗೆ ಅವನು ನಮ್ಮ ಮನೆಗೇ ಏಕೆ ಬರುತ್ತಿದ್ದನೆಂದು ನನಗೀಗ ತಿಳಿಯಿತು. ಒಂದು ದಿನವೂ ಆ ಮಾತೆತ್ತಲಿಲ್ಲ. ಸಕ್ಕರೆ ಕಡಿಮೆಯಾಯಿತೆಂದು ಮಾತ್ರ ದೂರುತ್ತಿದ್ದ.