ಡೀಕನ್ ಮೇಲೆ ಹಿಂದುಮುಂದಾಗಿ ಕೂತಿದ್ದಕ್ಕೆ

ಹಾರ್ಲನ್,

ಬೀನ್ಸ್ ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ತಿನ್ನು. ಕ್ಯಾರೆಟ್ ಮುಟ್ಟಿದ್ರೆ ಜೋಕೆ, ಅದು ಲಾಯದ ಕುದುರೆ ಡೀಕನ್‌ಗೆ.

ನಿನ್ನೆ ಗಾಯಾಳು ಸೈನಿಕರ ಆ ಲಾಯದಲ್ಲಿ ಕುದುರೆ ಸವಾರಿ ಮುಗಿಸಿ ನಾನು ನಿನಗಿಂತ ಜಾಸ್ತಿ ಕುಂಟುತ್ತಾ ಬಂದೆ ಅಂತ ನಕ್ಕೆಯಲ್ಲ? ತಪ್ಪೆಲ್ಲ ನಿನ್ನದೇ. ಯುದ್ಧದಲ್ಲಿ ಎಡಗಾಲು ಕಳ್ಕೊಂಡು ಬಂದವನು ಬಲಗಡೆಯಿಂದಲೇ ಹತ್ತಿ ಹತ್ತಿ ಆ ಡೀಕನ್‌ಗೆ ಅದೇ ರೂಢಿ ಮಾಡಿಟ್ಟಿದ್ದೀಯ. ಎಲ್ಲರ ಹಾಗೆ ಎಡಗಡೆಯಿಂದ ಹತ್ತೋಣ ಅಂದ್ರೆ ಸರಕ್ಕನೆ ತಿರುಗಿ ಬಲಮಗ್ಗುಲು ಕೊಡ್ತಾನೆ. ಆಗಲಿ ಅಂತ ಅಲ್ಲಿಂದಲೇ, ಆದರೆ ಎಡಗಾಲನ್ನೇ ಮೊದಲು ಇಟ್ಟು ಹತ್ತಿದೆ. ಕೂತು ನೋಡಿದ್ರೆ ಎದುರಿಗೆ ಬಾಲ! ಗಾಲಿಕುರ್ಚಿಯಲ್ಲಿದ್ದ ಸಾರ್ಜೆಂಟ್ ಸಲ್ಯೂಟ್ ಹೊಡೆದ. ಯುದ್ಧದಲ್ಲಿ ಮಕ್ಕಳನ್ನ ಕಳ್ಕೊಂಡ ನಮ್ಮ ತಾಯಂದಿರ ಗುಂಪು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಿನ್ನ ತಮ್ಮ ರಾಯ್ಸ್ ಹೋದ ಮೇಲೆ ಅದೇ ಮೊದಲು.

ಇವತ್ತು ಮತ್ತೆ ಹೋಗ್ತಿದ್ದೀನಿ. ಬಾಗಿಲ ಹತ್ತಿರ ರಾಯ್ಸ್‌ನ ಬೂಟು ಕಾಣಲಿಲ್ಲ ಅಂತ ಗಾಬರಿಯಾಗಬೇಡ, ನಾನೇ ಹಾಕ್ಕೊಂಡಿದ್ದೀನಿ. ಎರಡು ವರ್ಷ ಯಾರಿಗೂ ಅದನ್ನ ಮುಟ್ಟೋಕೆ ಬಿಡದವಳೂ ನಾನೇ, ಗೊತ್ತು. ತುಂಬ ದೊಡ್ಡದು ಕಣೋ. ಅದಕ್ಕೆ ಒಳಗೆ ನಿನ್ನ ಎಡಗಾಲಿನ ಕಾಲುಚೀಲಗಳನ್ನ ತುರುಕಿದ್ದೀನಿ. ಹೇಗೂ ಸುಮ್ಮನೆ ಬಿದ್ದಿದ್ದವು.

ಅಮ್ಮ