ಮೇಘಶ್ರೀ ಹೇಳಿದ ಹೆಸರು

ಸೋಮನಾಥ,

ನೀನು ಮಣ್ಣು ಸೇರಿ ಎಂಟು ತಿಂಗಳಾದ ಮೇಲೆ ನಿನ್ನ ಭಾವ ಕಾಗದ ಬರೆಯುತ್ತಿದ್ದಾನೆ, ನಗಬೇಡ. ನಿನ್ನ ಅಕ್ಕನ ಮಗಳು ಮೇಘಶ್ರೀಗೆ ಈಗ ಮೂವತ್ತು. ಬುದ್ಧಿ ಮಾತ್ರ ಆರು ವರ್ಷದ್ದೇ. ಇವತ್ತು ಅವಳನ್ನು ಕರೆದುಕೊಂಡು ಜಯನಗರದಲ್ಲಿ ವಕೀಲರೊಬ್ಬರನ್ನು ಕಂಡೆ. ಮೊದಲಿನ ಇಬ್ಬರು ಸಾಗಹಾಕಿದ್ದರು. ಈ ವಕೀಲೆ ಕೂರಿಸಿ ಕೇಳಿದಳು. ನಾನಿಲ್ಲದ ಮೇಲೆ ಮೇಘಶ್ರೀಯನ್ನು ನೋಡಿಕೊಳ್ಳಲು ಟ್ರಸ್ಟ್ ಆಗಬೇಕು, ಪುಟ್ಟೇನಹಳ್ಳಿ ಮನೆ ಅದಕ್ಕೆ ಸೇರಬೇಕು ಎಂದೆ.

"ಟ್ರಸ್ಟ್ ಪತ್ರ ನಾನ್ ಬರೀತೀನಿ ಅಂಕಲ್. ನಿಮ್ಮ ನಂತರ ಟ್ರಸ್ಟಿ ಯಾರು?"

ಮೇಘಶ್ರೀ ಪಾಠ ಒಪ್ಪಿಸುವ ಹಾಗೆ, "ಸೋಮು ಮಾಮ" ಅಂದಳು.

"ನೋಡಿ, ಅವಳಿಗೇ ಗೊತ್ತು! ಮಾಮನ ಆಧಾರ್ ತರ್ಸಿ."

ನಿನ್ನಕ್ಕ ತೀರಿಕೊಂಡ ವರ್ಷ ನೀನು ಬಂದು, "ಮಗೂನ ನನ್ ಜೊತೆ ಕಳಿಸಿ ಭಾವ" ಎಂದಿದ್ದೆ. "ಮನೆ ಮೇಲೆ ಕಣ್ಣು ಹಾಕಿದ್ದೀಯೇನೋ" ಎಂದು ಬಾಗಿಲಲ್ಲೇ ಕೇಳಿಬಿಟ್ಟೆ. ನೀನು ಚಪ್ಪಲಿಯನ್ನೂ ಬಿಡದೆ ತಿರುಗಿ ಹೋದೆ. ನಿನ್ನ ಮಣ್ಣಿಗೂ ನಾನು ಬರಲಿಲ್ಲ. ನೀನು ಹೋದದ್ದನ್ನು ಮೇಘಶ್ರೀಗೆ ಹೇಳಿಯೂ ಇಲ್ಲ.

ಹೆಸರಿನ ಜಾಗ ಖಾಲಿ ಬಿಟ್ಟು ವಕೀಲೆ ಕರಡು ಕೊಟ್ಟಿದ್ದಾಳೆ. ಮೇಘಶ್ರೀ ಮನೆಗೆ ಬಂದಾಗಿನಿಂದ ಹೊಸಿಲ ಮೇಲೆ ಕುಳಿತಿದ್ದಾಳೆ. ಮಾಮ ಆಧಾರ್ ತರುತ್ತಾನಂತೆ. ಊಟಕ್ಕೆ ಕರೆದರೂ ಏಳುತ್ತಿಲ್ಲ.